ನನ್ನ ಮೀನಖಂಡದಲ್ಲಿ ಬೀಡುಬಿಟ್ಟಿರುವ ಉಪ್ಪಿನವರಿಗೆ

ಮಾನ್ಯ ಉಪ್ಪಿನವರೇ,

ಸಿಡ್ನಿಯ ಕ್ವೇಕರ್ಸ್ ಹಿಲ್ ನಿವಾಸಿ, ಇಪ್ಪತ್ತು ವರ್ಷ ಬಸ್ಸು ಓಡಿಸಿದ ಶಿವಪ್ರಕಾಶನ ಸವಿನಯ ನಮಸ್ಕಾರಗಳು. ತಾವು ನನ್ನ ಚರ್ಮದಲ್ಲೂ ಕಾಲಿನ ಮಾಂಸಖಂಡಗಳಲ್ಲೂ ಸುಖವಾಗಿದ್ದೀರೆಂದು ಮೆಲ್ಬರ್ನಿನ ಸ್ಕ್ಯಾನ್ ಚಿತ್ರದಿಂದ ತಿಳಿಯಿತು. ಇಷ್ಟು ದಿನ ತಮ್ಮ ಯೋಗಕ್ಷೇಮ ವಿಚಾರಿಸದೇ ಇದ್ದುದಕ್ಕೆ ಕ್ಷಮೆಯಿರಲಿ.

ನನ್ನ ಕಿಡ್ನಿಗಳು ಕೈಕೊಟ್ಟು ನಾಲ್ಕು ವರ್ಷವಾಯಿತು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಕೂರುತ್ತೇನೆ. ಅದು ರಕ್ತದಲ್ಲಿರುವ ತಮ್ಮ ಬಳಗವನ್ನು ಸಾಧ್ಯವಾದಷ್ಟು ಹೊರಗೆ ಕಳುಹಿಸುತ್ತದೆ. ತಾವು ಮಾತ್ರ, ಕೊನೆಯ ಸ್ಟಾಪ್ ಬಂದರೂ ಹಿಂದಿನ ಸೀಟಿನಲ್ಲಿ ನಿದ್ದೆ ನಟಿಸುವ ಪ್ರಯಾಣಿಕರಂತೆ, ಅಲ್ಲಾಡದೆ ಕುಳಿತಿರುವಿರಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದರು ಹಿರಿಯರು. ನನಗೆ ದಿನಕ್ಕೆ ಮೂರು ಲೋಟವಷ್ಟೇ ಮಂಜೂರಾಗಿದೆ ಎಂಬುದು ಪಾಪ, ಅವರಿಗೆ ತಿಳಿದಿರಲಿಲ್ಲ.

ಇಷ್ಟನ್ನೂ ಸಹಿಸಬಹುದಿತ್ತು. ಆದರೆ ತಾವು ಒಳಗೆ ಕುಳಿತಿರುವಾಗಲೇ ಹೊರಗೆ ನಾನು ಕಳ್ಳನಾದೆ. ಕಳೆದ ವರ್ಷ ನನ್ನ ರಕ್ತದಲ್ಲಿ ಸಕ್ಕರೆ ಏರತೊಡಗಿತು. ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳುತ್ತಿಲ್ಲ ಎಂದರು ಡಾಕ್ಟರು. ನಾನು ಕದ್ದು ಸಿಹಿ ತಿನ್ನುತ್ತಿದ್ದೇನೆಂದು ತೀರ್ಮಾನಿಸಿದಳು ನನ್ನ ಹೆಂಡತಿ ಸುಜಾತಾ. ಕಾರಿನ ಡಿಕ್ಕಿ, ಜಾಕೆಟ್ಟಿನ ಜೇಬು ಎಲ್ಲದರ ತಪಾಸಣೆಯಾಯಿತು. ರೌಸ್ ಹಿಲ್‌ನಲ್ಲಿ ಗೆಳೆಯ ಯೋಗೀಶನ ಗೃಹಪ್ರವೇಶದ ದಿನ, ಮೂವತ್ತು ಜನರ ಎದುರು ನನ್ನ ತಟ್ಟೆಯಿಂದ ಹೋಳಿಗೆ ಎತ್ತಿಕೊಂಡು, "ಇವರಿಗೆ ಹಾಕ್ಬೇಡಿ, ಮನೇಲೇ ಕದ್ದು ತಿಂದಿರ್ತಾರೆ," ಎಂದಳು. ಬೆಲ್ಲದ ಚೂರನ್ನೂ ಮುಟ್ಟದಿದ್ದ ನಾನು ಹತ್ತು ದಿನ ಮಾತು ಬಿಟ್ಟೆ.

ಆ ಹತ್ತು ದಿನವೂ, ಆಮೇಲೂ, ಸಿಹಿಯಿಲ್ಲದ ಗಂಡನ ಮೇಲೆ ಕರುಣೆಯುಕ್ಕಿ, ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ತಂದ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಉಪ್ಪಿನಕಾಯಿಗಳನ್ನು ಅವಳೇ ನನ್ನ ತಟ್ಟೆಗೆ ಬಡಿಸಿದಳು. ಮಾತು ಬಿಟ್ಟವನಾದ್ದರಿಂದ ಬೇಡವೆನ್ನಲು ಆಗಲಿಲ್ಲ. ರುಚಿಯಾಗಿದ್ದುದರಿಂದ ಬೇಡವೆನ್ನಬೇಕೆಂದು ಅನಿಸಲೂ ಇಲ್ಲ. ಮೊದಲೇ ಒಳಗಿದ್ದ ತಮ್ಮನ್ನು ಸೇರಲು ಉಳಿದ ಬಳಗವೂ ಸಕುಟುಂಬ ಸಪರಿವಾರವಾಗಿ ದಯಮಾಡಿಸಿದ್ದು ಹೀಗೆ.

ಅಂಗಾಂಶದಲ್ಲಿ ಕೂಡಿದ ಉಪ್ಪಿಗೂ ಇನ್ಸುಲಿನ್ನಿನ ಮಾತು ನಡೆಯದಿರುವುದಕ್ಕೂ ಸಂಬಂಧವಿದೆಯೇ ಎಂದು ಮೆಲ್ಬರ್ನಿನಲ್ಲಿ ಒಂದು ಅಧ್ಯಯನ ನಡೆದಿತ್ತು. ನಾನು ಹೆಸರು ಕೊಟ್ಟು, ಸುಜಾತಾಳೊಡನೆ ಅಲ್ಲಿಗೆ ಹೋದೆ. ಅಧ್ಯಯನ ನಡೆಸುತ್ತಿದ್ದ, ಮೈಸೂರು ಮೂಲದ ಡಾಕ್ಟರ್ ಸಂಯುಕ್ತಾ ಪರದೆಯ ಮೇಲೆ ನನ್ನ ಮೀನಖಂಡವನ್ನು ತೋರಿಸಿದರು. ದೀಪಾವಳಿಯ ಮನೆಯಂತೆ ಬೆಳಗುತ್ತಿತ್ತು.

"ಅಂಕಲ್, ಈ ಬಿಳಿ ಎಲ್ಲಾ ಸಾಲ್ಟ್. ಶುಗರ್ ಏರೋದಕ್ಕೆ ಸ್ವೀಟ್ಸೇ ತಿನ್ಬೇಕು ಅಂತಿಲ್ಲ. ಇದೂ ಒಂದು ಕಾರಣ ಇರಬಹುದು, ನೋಡ್ತಿದ್ದೀವಿ," ಎಂದವರು ಸುಜಾತಾಳತ್ತ ತಿರುಗಿದರು. "ಆಂಟಿ, ಮನೇಲಿ ಉಪ್ಪು ಜಾಸ್ತೀನಾ?"

ವರ್ಷದಿಂದ ಕಾದಿದ್ದ ಗಳಿಗೆ. ಆದರೆ ಅವಳ ಮುಖ ನೋಡಿದೆ, ಬಡಿಸಿದವಳು ತಾನೇ ಎಂದು ಆಗಲೇ ತಲೆ ತಗ್ಗಿಸಿದ್ದಳು.

"ಇವಳದೇನೂ ತಪ್ಪಿಲ್ಲ ಡಾಕ್ಟ್ರೇ, ಉಪ್ಪಿನಕಾಯಿ ನಾನೇ ಕದ್ದು ತಿಂದೆ," ಎಂದುಬಿಟ್ಟೆ.

ವಾಪಸಾಗುವಾಗ ಟ್ರ್ಯಾಮಿನಲ್ಲಿ ಸುಜಾತಾ ಕೇಳಿದಳು: "ಸುಳ್ಳು ಯಾಕೆ ಹೇಳಿದ್ರಿ?"

"ವರ್ಷದಿಂದ ಕಳ್ಳ ಅಂತಿದ್ದೀಯ. ಒಂದ್ಸಲನಾದ್ರೂ ಒಪ್ಕೊಳೋಣ ಅಂತ."

ಅವಳು ನಗಲು ಹೋಗಿ ಅತ್ತಳು. ಮರುದಿನ ಫೋನಿನಲ್ಲಿ ಡಾಕ್ಟರಿಗೆ ನಿಜ ಹೇಳಿದವಳೂ, ಯೋಗೀಶನ ಮನೆಗೆ ಹೋಗಿ "ಇವರು ಏನೂ ಕದ್ದಿರಲಿಲ್ಲ" ಎಂದು ಬಂದವಳೂ ಅವಳೇ.

ಈಗ ಅಡುಗೆಯಲ್ಲಿ ತಮ್ಮ ಪ್ರವೇಶಕ್ಕೆ ಕಡಿವಾಣ ಬಿದ್ದಿದೆ, ಯಂತ್ರದ ಮುಂದೆ ಒಂದು ಗಂಟೆ ಹೆಚ್ಚು ಕೂರುತ್ತೇನೆ. ಮೂರು ತಿಂಗಳ ನಂತರದ ಚಿತ್ರದಲ್ಲಿ ತಮ್ಮ ಪ್ರಭೆ ತುಸು ಮಂಕಾಗಿದೆ. ಸಕ್ಕರೆಯೂ ಸ್ವಲ್ಪ ಇಳಿದಿದೆ. ಅದು ಇದರಿಂದಲೇ ಎಂದು ಈಗಲೇ ಹೇಳಲಾಗದು ಎನ್ನುತ್ತಾರೆ ಸಂಯುಕ್ತಾ. ನಾನಂತೂ ಕೀರ್ತಿಯನ್ನು ತಮಗೇ ಅರ್ಪಿಸುತ್ತೇನೆ. ಉಳಿದವರೂ ಹೊರಡುವ ಕೃಪೆ ಮಾಡಿದರೆ, ಬೊಂಡೈ ಸಮುದ್ರದವರೆಗೆ ನಾನೇ ಡ್ರಾಪ್ ಕೊಡುವೆ. ತಮ್ಮ ಬಂಧುಗಳೆಲ್ಲ ಅಲ್ಲೇ ಇದ್ದಾರಂತೆ.

ಆತಿಥ್ಯ ಸಾಕಾಗಿರುವ,
ತಮ್ಮ ವಿಶ್ವಾಸಿ,
ಶಿವಪ್ರಕಾಶ

ಮರೆತ ಮಾತು: ತಮ್ಮ ದಾಯಾದಿ ಪೊಟ್ಯಾಸಿಯಂ ಅವರು ಬಾಳೆಹಣ್ಣು, ಎಳನೀರಿನ ವೇಷದಲ್ಲಿ ನಮ್ಮ ಮನೆಗೆ ಬರಲು ಹವಣಿಸುತ್ತಿದ್ದಾರೆಂದು ಡಯಟಿಷಿಯನ್ ಎಚ್ಚರಿಸಿದ್ದಾರೆ. ಸಿಡ್ನಿಯಲ್ಲಿ ರೂಮು ಸಿಗುವುದು ಎಷ್ಟು ಕಷ್ಟವೆಂದು ದಯವಿಟ್ಟು ಅವರಿಗೆ ತಿಳಿಸಿಹೇಳಿ.