ಜಪಾನ್ ಭಾವನ ಅಸಲಿ ಪರೀಕ್ಷೆ

ಬಾಯಿ ಮುಚ್ಚಿಕೊಂಡಿದ್ದರೆ ಆ ಭಾನುವಾರ ಜಪಾನ್ ಭಾವನವರ ಪಾಲಿಗೆ ಸುದಿನವಾಗುತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡಿರುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ.

ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವುದು ಅವರ ಕಸುಬು. ದಿನವಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವರಿಗೆ ಸಂಜೆ ಮನೆಗೆ ಬಂದಮೇಲೂ ಕಣ್ಣು ಸುಮ್ಮನಿರುವುದಿಲ್ಲ. ಅವರ ಹತ್ತಿರ ಒಂದು ಹಳೆಯ ಜಪಾನಿ ಕಾರಿತ್ತು. ಎರಡೇ ಬಾಗಿಲು, ಉದ್ದ ಮೂತಿ, ಮೊಟಕು ಬಾಲ. ತಯಾರಾದ ಕಾಲದಲ್ಲಿ ಯಾರೂ ತಿರುಗಿ ನೋಡದ ಆ ಕಾರು, ಈಗ ಎಲ್ಲೂ ಸಿಗದಂತಾಗಿ ಬೆಲೆ ಏರಿಸಿಕೊಂಡು ಕೂತಿತ್ತು. ಅದರ ಜೊತೆಗೆ ಭಾವನವರೂ ಏರಿದ್ದರು. ಬೀದಿಯಲ್ಲಿ ಯಾರ ಕಾರು ನಿಂತರೂ ಬಗ್ಗಿ ನೋಡಿ, ಈ ಬಂಪರ್ ಇದರದ್ದಲ್ಲ, ಈ ಕನ್ನಡಿ ಆಮೇಲೆ ಹಾಕಿದ್ದು ಎಂದು ಹೇಳಿ, ಮಾಲೀಕರ ಮುಖ ಸಣ್ಣದು ಮಾಡಿ ಮುಂದೆ ಹೋಗುತ್ತಿದ್ದರು. 'ಜಪಾನ್ ಭಾವ' ಎಂದು ಹೆಸರಿಟ್ಟವನು ಅವರ ಬಾಮೈದ. ಕೊನೆಗೆ ಅವರಿಗಿಂತ ಹಿರಿಯರೂ ಹಾಗೇ ಕರೆಯತೊಡಗಿದ್ದರಿಂದ ಅವರು ಇಡೀ ಬೀದಿಗೇ ಭಾವ ಆಗಿಬಿಟ್ಟಿದ್ದರು.

ಭಾವನವರಿಗೆ ಇದ್ದದ್ದು ಒಂದೇ ಆಸೆ. ಊರಿನ ಹಳೆ ಕಾರುಗಳ ಕ್ಲಬ್ಬಿಗೆ ತಮ್ಮ ಕಾರು ಸೇರಬೇಕು. ಕ್ಲಬ್ಬಿನವರು ಅಸಲಿ ಬಿಡಿಭಾಗಗಳಿರುವ ಕಾರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು, ಅದೂ ಒಂದು ಮಾದರಿಗೆ ಒಂದೇ ಕಾರು. ಸೇರಿದ ಕಾರಿನ ಬೆಲೆ ದುಪ್ಪಟ್ಟಾಗುತ್ತದೆ, ಮಾಲೀಕನ ಬೆಲೆ ಎಷ್ಟಾಗುತ್ತದೋ ಹೇಳಲಾಗದು ಎಂದು ಭಾವನವರು ಹೆಂಡತಿಗೆ ಆಗಾಗ ಹೇಳುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಪರೀಕ್ಷೆಗೆ ಬರುವವರಿದ್ದರು. ಭಾವನವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಹೆಣ್ಣು ತೋರಿಸುವವರ ಹಾಗೆ ಕಾರನ್ನು ಒರೆಸಿ ನಿಲ್ಲಿಸಿದ್ದರು.

ಕಾರ್ಯದರ್ಶಿಯ ಹಿಂದೆಯೇ ಬಾಮೈದನೂ ಬಂದ. ಅವನು ಬಂದದ್ದು ಅದೇ ಮಾದರಿಯ, ಅದೇ ಬಣ್ಣದ ಇನ್ನೊಂದು ಕಾರಿನಲ್ಲಿ. ಹಿಂದೆ ಅವನು ಗುಜರಿಯಿಂದ ಬರಿಯ ತಗಡಿನ ಹಂದರವೊಂದನ್ನು ತಂದಾಗ ಭಾವನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ಅದಕ್ಕೆ ಜೀವ ಬಂದಿತ್ತು. ತಾನೂ ಕ್ಲಬ್ಬಿಗೆ ಅರ್ಜಿ ಹಾಕಿದ್ದೇನೆ ಎಂದು ಅವನು ಸಂಕೋಚದಿಂದಲೇ ಹೇಳಿದ.

ಕಾರ್ಯದರ್ಶಿ ಪೇಚಿಗೆ ಸಿಕ್ಕಿದರು. ಸೌಮ್ಯ ಸ್ವಭಾವದ ಮನುಷ್ಯ. ಈ ಮಾದರಿಯ ಬಗ್ಗೆ ತನಗೆ ಏನೂ ತಿಳಿಯದು ಎಂದು ಒಪ್ಪಿಕೊಂಡು, ಅಸಲಿ ಯಾವುದು ಎಂದು ಗುರುತಿಸುವುದು ಹೇಗೆ ಎಂದು ಭಾವನವರನ್ನೇ ಕೇಳಿದರು. 'ನನ್ನದೇ ಅಸಲಿ' ಎಂದು ಎರಡು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಬೀದಿಯವರೆಲ್ಲ ಸುತ್ತ ನಿಂತಿದ್ದರು. ಜನ ಕಂಡರೆ ಭಾವನವರಿಗೆ ಎರಡು ಮಾತು ಸಾಲುವುದಿಲ್ಲ.

"ನನ್ನ ಮಾತು ನಂಬಬೇಡಿ ಸಾರ್, ಕಣ್ಣಾರೆ ನೋಡಿ" ಎಂದು ಅವರು ಶುರುಮಾಡಿದರು. ಅಸಲಿ ಗಾಜಿನ ಮೂಲೆಯಲ್ಲಿ ಕಾರ್ಖಾನೆಯ ಗುರುತು ಕೊರೆದಿರುತ್ತದೆ. ಅಸಲಿ ಬೋಲ್ಟಿನ ತಲೆಯ ಮೇಲೆ ಅಂಕಿ ಇರುತ್ತದೆ. ಅಸಲಿ ಕಾರ್ಬುರೇಟರಿನ ಹೊಟ್ಟೆಯಲ್ಲಿ ಜಪಾನಿ ಅಕ್ಷರ ಇರುತ್ತದೆ. ಇನ್ನು ಬಾಗಿಲು ಹಾಕಿದರೆ ದಿಂಬಿಗೆ ಗುದ್ದಿದ ಹಾಗೆ ಸದ್ದು ಬರಬೇಕು, ಡಬ್ಬ ಬಿದ್ದ ಹಾಗಲ್ಲ. ಮೊದಲು ನಕಲಿ ಹೇಗಿರುತ್ತದೆ ಎಂದು ತೋರಿಸುತ್ತೇನೆ ಎಂದು ಅವರು ಬಾಮೈದನ ಕಾರಿನ ಕಡೆ ನಡೆದರು.

ಗಾಜಿನ ಮೂಲೆಯಲ್ಲಿ ಗುರುತಿತ್ತು. ಬೋಲ್ಟಿನ ತಲೆಯ ಮೇಲೆ ಅಂಕಿ ಇತ್ತು. ಬಾಗಿಲು ದಿಂಬಿಗೆ ಗುದ್ದಿದಂತೆಯೇ ಮುಚ್ಚಿಕೊಂಡಿತು. ಭಾವನವರು ಬೆವರು ಒರೆಸಿಕೊಂಡು ಕಾರ್ಬುರೇಟರಿನ ಕಡೆ ಬಗ್ಗಿದರು. ಸರಿಯಾಗಿ ಕಾಣದಿದ್ದಾಗ ಎದುರುಮನೆಯ ಹಲ್ಲಿನ ಡಾಕ್ಟರು ಉಪಕಾರ ಮಾಡಲು ಹೋಗಿ, ಬಾಯಿಯೊಳಗೆ ಇಟ್ಟು ನೋಡುವ ಪುಟ್ಟ ಕನ್ನಡಿ ತಂದುಕೊಟ್ಟರು. ಅದರಲ್ಲಿ ಜಪಾನಿ ಅಕ್ಷರ ಫಳಫಳ ಹೊಳೆಯಿತು. ಎಲ್ಲರೂ ಸರದಿಯ ಮೇಲೆ ಕನ್ನಡಿ ಇಟ್ಟು ನೋಡಿ ಭೇಷ್ ಅಂದರು. ಇಷ್ಟು ಅಪ್ಪಟ ಕಾರನ್ನು ಭಾವನವರು ಜನ್ಮದಲ್ಲಿ ಕಂಡಿರಲಿಲ್ಲ. ಅದು ಬಾಮೈದನದ್ದು ಎಂಬುದನ್ನೂ ಮರೆತು ಅವರ ಕೈ ಆ ಬಾಗಿಲನ್ನು ಮುದ್ದಿನಿಂದ ಸವರುತ್ತಿತ್ತು.

ಆಗಲಿ, ಇಬ್ಬರದೂ ಅಸಲಿ ಆದರೆ ಮೊದಲು ಅರ್ಜಿ ಹಾಕಿದವನು ತಾನೇ ಎಂದು ಧೈರ್ಯ ತಂದುಕೊಂಡು ಅವರು ತಮ್ಮ ಕಾರಿನತ್ತ ಬಂದರು. ಗಾಜಿನ ಮೂಲೆ ಬೋಳಾಗಿತ್ತು. ಇನ್ನೊಂದು ಗಾಜು ನೋಡಿದರು, ಅದೂ ಬೋಳು. ಬೋಲ್ಟುಗಳ ತಲೆಯ ಮೇಲೆ ಅಂಕಿಯೂ ಇಲ್ಲ, ಅಳಿಸಿದ ಗುರುತೂ ಇಲ್ಲ. ಗಾಬರಿಯಲ್ಲಿ ಬಾಗಿಲು ಎಳೆದರೆ ಡಬ್ಬ ಬಿದ್ದ ಸದ್ದಿಗೆ ಯಾರದೋ ಕಂಕುಳಲ್ಲಿದ್ದ ಮಗು ಎಚ್ಚರವಾಯಿತು. ಹಲ್ಲಿನ ಡಾಕ್ಟರು ಕೇಳದೆಯೇ ಕನ್ನಡಿ ಹಿಡಿದರು. ಅದರಲ್ಲಿ ಭಾವನವರ ಮುಖ ಬಿಟ್ಟರೆ ಇನ್ನೇನೂ ಕಾಣಲಿಲ್ಲ.

ಸ್ಟೀರಿಂಗ್ ಕೂಡ ನಕಲಿ ಎಂದು ಮಹಡಿ ಮನೆಯ ನಿವೃತ್ತ ಗುಮಾಸ್ತರು ಗುರುತಿಸಿದರು. ಅವರಿಗೆ ಆ ವಿದ್ಯೆ ಕಲಿಸಿದವರು ಭಾವನವರೇ.

ಭಾವನವರು ಬಾಮೈದನ ತೋಳು ಹಿಡಿದು ಗೋಡೆಯ ಮರೆಗೆ ಎಳೆದುಕೊಂಡು ಹೋದರು. ಅವನೇನೂ ಮುಚ್ಚಿಡಲಿಲ್ಲ. ವರ್ಷದಿಂದ ಪ್ರತಿ ರಜೆಗೆ ಭಾವನ ಕಾರನ್ನು ಸರ್ವಿಸಿಗೆ ಒಯ್ಯುತ್ತಿದ್ದವನು ಅವನೇ. ಸವೆದದ್ದನ್ನು ಬಿಚ್ಚಿ ಪೇಟೆಯ ಹೊಸದನ್ನು ಹಾಕುತ್ತಿದ್ದ, ಬಿಚ್ಚಿದ್ದನ್ನು ಎಸೆಯಲು ಮನಸ್ಸು ಬಾರದೆ ತನ್ನ ಹಂದರಕ್ಕೆ ಜೋಡಿಸುತ್ತಿದ್ದ.

"ಹಳೇ ಸಾಮಾನು ನಾನಿಟ್ಕೊಳ್ಲಾ ಅಂತ ಕೇಳಿದ್ದೆ ಭಾವ. ನೀವು ಕರಡು ನೋಡ್ತಾ ಹೂಂ ಅಂದ್ರಿ."

"ಮಾಡ್ಸಿದ್ದು ನಾನೇ" ಎಂದು ಹಿಂದಿನಿಂದ ಹೆಂಡತಿಯ ದನಿ ಬಂತು. "ದಾರೀಲಿ ನಿಂತು ನಿಂತು ನನಗೆ ಸಾಕಾಗಿತ್ತು. ಓಡೋ ಹಾಗೆ ಮಾಡಪ್ಪ ಅಂದೆ. ಮಾಡ್ದ. ನೀವೇ ತಾನೆ ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದು, ಈ ವರ್ಷ ಎಷ್ಟು ನುಣ್ಣಗೆ ಓಡ್ತಿದೆ, ಜಪಾನಿನವರ ಕೈಗುಣವೇ ಕೈಗುಣ ಅಂತ."

ಹೇಳಿಕೊಂಡದ್ದು ನಿಜ. ಭಾವನವರಿಗೆ ಕೂಗಿ ಹೇಳಬೇಕೆನಿಸಿತು: ಆ ಗಾಜು ನನ್ನದು, ಆ ಬೋಲ್ಟು ನನ್ನದು, ಆ ಕಾರ್ಬುರೇಟರು ನನ್ನ ಪ್ರಾಣ. ಆದರೆ ಹಾಗೆ ಕೂಗಿದರೆ, ವರ್ಷಪೂರ್ತಿ ನಕಲಿ ಸ್ಟೀರಿಂಗ್ ಹಿಡಿದು ಕೂತು ಊರವರ ಬಂಪರಿನಲ್ಲಿ ತಪ್ಪು ಹುಡುಕಿದ ಪಂಡಿತ ತಾನೇ ಎಂದೂ ಸಾರಿದಂತಾಗುತ್ತಿತ್ತು. ಕಾರು ಹೋದರೆ ಹೋಗಲಿ, ಹೆಸರಾದರೂ ಉಳಿಯಲಿ ಎಂದುಕೊಂಡು ಅವರು ಹೊರಗೆ ಬಂದು, ತಮ್ಮ ಕಾರು ಅಸಲಿ ಅಲ್ಲ, ಬಾಮೈದನದ್ದೇ ಅಸಲಿ ಎಂದು ತೀರ್ಪು ಕೊಟ್ಟರು.

ಕಾರ್ಯದರ್ಶಿಯ ಕಣ್ಣಲ್ಲಿ ನೀರು ನಿಂತಿತು. ತನ್ನ ಕಾರನ್ನೇ ನಾಲ್ಕು ಜನರ ಮುಂದೆ ನಕಲಿ ಅನ್ನುವ ಇಂಥ ಸತ್ಯವಂತನನ್ನು ತಾವು ಕಂಡೇ ಇಲ್ಲ ಎಂದರು. ಕ್ಲಬ್ಬಿಗೆ ಇಂಥವರೇ ಬೇಕು, ಇವತ್ತಿನಿಂದ ನೀವೇ ನಮ್ಮ ಪರೀಕ್ಷಕರು ಎಂದು ತಮ್ಮ ಕೋಟಿನ ಮೇಲಿದ್ದ ಬಿಲ್ಲೆ ಬಿಚ್ಚಿ ಭಾವನವರ ಬಿಳಿ ಷರಟಿಗೆ ಚುಚ್ಚಿದರು. ಬೀದಿ ಚಪ್ಪಾಳೆ ತಟ್ಟಿತು. ಕಾರಿಲ್ಲದಿದ್ದರೂ ಕ್ಲಬ್ಬಿನ ಬಾಗಿಲು ತೆರೆಯಿತಲ್ಲ ಎಂದು ಭಾವನವರ ಜೀವ ತುಸು ಹಗುರಾಯಿತು. ಇನ್ನು ಊರಿನ ಕಾರುಗಳೆಲ್ಲ ತನ್ನ ಮುಂದೆ ಬಾಗಿಲು ತೆರೆದು ನಿಲ್ಲಬೇಕು.

ಕ್ಲಬ್ಬಿನ ಅಂಗಳದಲ್ಲಿ ಫೋಟೋ ತೆಗೆಸಲು ಅಸಲಿ ಕಾರು ಈಗಲೇ ಹೊರಡಬೇಕಿತ್ತು. ಬಾಮೈದ ಕೂತು ಕೀಲಿ ತಿರುಗಿಸಿದ. ಕಾರು ಒಮ್ಮೆ ಕೆಮ್ಮಿತು, ಎರಡನೇ ಸಲ ಅದೂ ಇಲ್ಲ. ಅದರೊಳಗೆ ಇದ್ದದ್ದೆಲ್ಲ ಅಪ್ಪಟ ಅಸಲಿ ಸಾಮಾನು. ಇನ್ನೊಂದು ಕಾರಿಗೆ ಕಟ್ಟಿ ಎಳೆಯೋಣವೆಂದರೆ ಕಾರ್ಯದರ್ಶಿ ಒಪ್ಪಲಿಲ್ಲ, ಅಸಲಿ ಬಂಪರಿಗೆ ಹಗ್ಗ ಕಟ್ಟುವುದು ಕ್ಲಬ್ಬಿನ ನಿಯಮಕ್ಕೆ ವಿರುದ್ಧವಂತೆ. ಅವರು ಗೌರವದಿಂದ ಪರೀಕ್ಷಕರ ಮುಖ ನೋಡಿದರು.

ಭಾವನವರು ಷರಟಿನ ತೋಳು ಮಡಚಿಕೊಂಡು ಕಾರಿನ ಹಿಂದೆ ಹೋಗಿ ತಳ್ಳಲು ಕೈಯಿಟ್ಟರು. ಎಲ್ಲಿ ಕೈಯಿಟ್ಟರೆ ಭಾರ ಕಡಿಮೆ ಅನ್ನುವುದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ದೊಡ್ಡ ರಸ್ತೆಯ ತಿರುವಿನಲ್ಲಿ, ಹಲ್ಲಿನ ಡಾಕ್ಟರನ್ನೂ ಕಾರ್ಯದರ್ಶಿಯನ್ನೂ ಹಿಂದೆ ಕೂರಿಸಿಕೊಂಡು ಅವರ ಹೆಂಡತಿ ನಕಲಿ ಕಾರಿನಲ್ಲಿ ನುಣ್ಣಗೆ ಪಕ್ಕಕ್ಕೆ ಬಂದು ಗಾಜು ಇಳಿಸಿದರು.

"ನಿಧಾನಕ್ಕೆ ತಳ್ಳಿ ಅಂದ್ರೆ" ಎಂದರು. "ಅಸಲಿಗೆ ಗೀರು ಬಿದ್ದೀತು."