ಮೆಟ್ಟಿಲು ಮುಳುಗಿದ ಮನೆಯಿಂದ ರಸ್ತೆ ವೆಚ್ಚ ವಸೂಲಿ ಕುರಿತು

ರಸ್ತೆ ಮತ್ತು ಚರಂಡಿ ಅಭಿವೃದ್ಧಿ ಉಪವಿಭಾಗ, ಜರಗನಹಳ್ಳಿ ಸರಹದ್ದು
(ಕಚೇರಿ: ಎರಡನೇ ಮಹಡಿ. ನೀರು ಇಲ್ಲಿಯವರೆಗೆ ಬಂದಿರುವುದಿಲ್ಲ.)

ಸಂಖ್ಯೆ: ರಚಅ/ಡಾಂಬರು/6ನೇ ಪದರ/ವಂತಿಗೆ/2025-26
ದಿನಾಂಕ: 09-06-2025

ಸುತ್ತೋಲೆ

ವಿಷಯ: ಐದನೇ ಅಡ್ಡರಸ್ತೆಯ ಅಭಿವೃದ್ಧಿ ವೆಚ್ಚವನ್ನು ಫಲಾನುಭವಿ ನಿವಾಸಿಗಳು ಹಂಚಿಕೊಳ್ಳುವ ಬಗ್ಗೆ.

ಉಲ್ಲೇಖ:
1. ಮನೆ ನಂ. 14ರ ಶ್ರೀಮತಿ ಸೊಣ್ಣಮ್ಮ ಕೋಂ ಲೇಟ್ ರಾಮಯ್ಯ ಇವರ ಅರ್ಜಿ (ಒದ್ದೆಯಾಗಿ ಸ್ವೀಕೃತ).
2. ಅದೇ ಅರ್ಜಿದಾರರ ಅದೇ ಅರ್ಜಿ, ಹನ್ನೊಂದು ಬಾರಿ.
3. ಸಹಾಯಕ ಎಂಜಿನಿಯರ್ ಶ್ರೀ ವಸಿಷ್ಠ ಇವರ ಸ್ಥಳ ತನಿಖಾ ವರದಿ, ದಿನಾಂಕ 22-05-2025.

ಪ್ರಸ್ತಾವನೆ:

ಸದರಿ ರಸ್ತೆಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ, ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಆರು ಬಾರಿ ಜಲ್ಲಿ ಸುರಿದು ಹೊಸ ಡಾಂಬರು ಹಾಕಲಾಗಿರುತ್ತದೆ. ಹಿರಿಯರು ಹಾಕಿದ್ದನ್ನು ಕೀಳುವುದು ಈ ಕಚೇರಿಯ ಸಂಪ್ರದಾಯವಲ್ಲ. ಪರಿಣಾಮವಾಗಿ, ಹಿಂದೆ ಮೂರು ಮೆಟ್ಟಿಲು ಹತ್ತಿ ಮನೆ ಸೇರುತ್ತಿದ್ದ ಸೊಣ್ಣಮ್ಮನವರು ಈಗ ಎರಡು ಮೆಟ್ಟಿಲು ಇಳಿದು ಸೇರುತ್ತಿದ್ದಾರೆ. ಅವರು ಅರ್ಜಿಯಲ್ಲಿ ಕೋರಿರುವುದು ಒಂದೇ: ಮುಂಗಾರು ಬಲಿಯುವ ಮೊದಲು ರಸ್ತೆಯನ್ನು ಕೆರೆದು ಹೊಸ್ತಿಲಿಗಿಂತ ಕೆಳಕ್ಕೆ ತರಬೇಕು, ಇಲ್ಲದಿದ್ದರೆ ಮೂವತ್ತೆಂಟು ವರ್ಷ ಬಾಳಿದ ಮನೆಯನ್ನು ಬಿಡಬೇಕಾಗುತ್ತದೆ. ಕೋರಿಕೆಯು ತೀರಾ ಸರಳವಾಗಿರುವುದರಿಂದ ಅದನ್ನು ಬದಿಗಿಟ್ಟು, ವೆಚ್ಚ ಹಂಚಿಕೆಯ ವಿಷಯವನ್ನು ಕೈಗೆತ್ತಿಕೊಳ್ಳಲಾಗಿದೆ.

ಸ್ಥಳ ತನಿಖೆಯ ವೇಳೆ ಅರ್ಜಿದಾರರು, "ಸಾಮಿ, ನಮ್ಮನೆ ಎಲ್ಲೂ ಇಳ್ದಿಲ್ಲ. ನಿಮ್ ರೋಡೇ ಏರ್ಕೊಂಡ್ ಬಂದೈತೆ. ಹೋದ್ ವಾರದ್ ಮಳೇಗೆ ರಾಗಿ ಮೂಟೆ ಮೊಳ್ಕೆ ಬಂದ್ಬುಡ್ತು, ಒಳೀಕ್ ಬಂದ್ ನೋಡಿ" ಎಂದು ಹೇಳಿಕೆ ನೀಡಿರುತ್ತಾರೆ. ಏರಿದ್ದು ಯಾವುದು, ಇಳಿದದ್ದು ಯಾವುದು ಎಂಬುದು ನೋಡುವವರು ನಿಂತ ಜಾಗವನ್ನು ಅವಲಂಬಿಸಿರುತ್ತದೆ. ಶ್ರೀ ವಸಿಷ್ಠ ಅವರು ಹೊಸ ಬೂಟಿನ ಕಾರಣ ರಸ್ತೆಯ ಮೇಲೆಯೇ ನಿಂತು ನೋಡಿದ್ದರಿಂದ, ಇಳಿದಿರುವುದು ಮನೆಯೇ ಎಂದು ತೀರ್ಮಾನಿಸಲಾಗಿದೆ. ಆದ ಕಾರಣ ಈ ಕೆಳಕಂಡ ನಿಯಮಗಳನ್ನು ಜಾರಿಗೆ ತರಲಾಗಿದೆ.

1. ಮೂರು ಮೆಟ್ಟಿಲು ಹತ್ತುವ ಶ್ರಮವು ಇಲಾಖೆಯ ದೆಸೆಯಿಂದ ತಪ್ಪಿರುವುದರಿಂದ, ಅರವತ್ತು ದಾಟಿದ ನಿವಾಸಿಗಳು ಮೊಣಕಾಲು ಉಪಶಮನ ವಂತಿಗೆ ಪಾವತಿಸತಕ್ಕದ್ದು. ಹೊರಬರುವಾಗ ಎರಡು ಮೆಟ್ಟಿಲು ಹತ್ತಬೇಕಾಗಿದೆ ಎಂಬ ಆಕ್ಷೇಪಣೆಯನ್ನು ಪರಿಗಣಿಸಲಾಗುವುದಿಲ್ಲ. ವಯಸ್ಸಾದವರು ಮನೆಯಲ್ಲಿರುವುದು ಒಳ್ಳೆಯದು.

2. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬುದು ಹಳೆಯ ಗಾದೆ. ಈಗ ನೀರೇ ಮನೆಗೆ ಬರುವ ವ್ಯವಸ್ಥೆಯನ್ನು ಕೊಳಾಯಿಯ ಖರ್ಚಿಲ್ಲದೆ ಮಾಡಿಕೊಡಲಾಗಿದೆ. ಮನೆಯೊಳಗೆ ರಾಗಿ ಮೊಳಕೆಯೊಡೆದಿರುವುದನ್ನು ಅರ್ಜಿದಾರರೇ ಒಪ್ಪಿಕೊಂಡಿರುವುದರಿಂದ, ಮನೆ ನಂ. 14ರ ನಡುಮನೆಯನ್ನು ನೀರಾವರಿ ಜಮೀನು ಎಂದು ವರ್ಗೀಕರಿಸಿ, ನೀರಿನ ಕಂದಾಯವನ್ನು ಪ್ರತ್ಯೇಕವಾಗಿ ವಿಧಿಸಲಾಗಿದೆ.

3. ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ತತ್ವದ ಮೇಲೆ ವೆಚ್ಚವನ್ನು ಎಲ್ಲರಿಗೂ ಹಂಚಲು ಉದ್ದೇಶಿಸಲಾಗಿತ್ತು. ಆದರೆ ಮೂಲೆಯ ಅಪಾರ್ಟ್‌ಮೆಂಟ್ ಕಂಬಗಳ ಮೇಲೆ ನಿಂತಿರುವುದರಿಂದ ಅದಕ್ಕೆ ನೀರಿನ ಫಲ ದೊರೆತಿರುವುದಿಲ್ಲ. ಉಳಿದ ಮನೆಗಳವರು ಹಳೆಯದನ್ನು ಕೆಡವಿ ಎತ್ತರಿಸಿ ಕಟ್ಟಿಕೊಂಡು ಇಲಾಖೆಯ ಸೌಲಭ್ಯವನ್ನು ತಿರಸ್ಕರಿಸಿದ್ದಾರೆ. ಫಲಾನುಭವಿಗಳೆಂದು ಉಳಿದವರು ಒಬ್ಬರೇ. ಹುಲ್ಲುಕಡ್ಡಿಗಳನ್ನೆಲ್ಲ ಒಟ್ಟುಗೂಡಿಸಿ ಅವರ ತಲೆಯ ಮೇಲಿಡುವಂತೆ ಈ ಮೂಲಕ ಸೂಚಿಸಲಾಗಿದೆ.

4. ಒಳಚರಂಡಿಯ ಮುಚ್ಚಳಗಳು ಎಷ್ಟನೇ ಪದರದ ಕೆಳಗಿವೆ ಎಂಬ ಮಾಹಿತಿ ಕಚೇರಿಯಲ್ಲಿ ಲಭ್ಯವಿಲ್ಲ. ಫಲಾನುಭವಿಯು ಸ್ವಂತ ಹಾರೆಯಿಂದ ಹುಡುಕಿ ವರದಿ ಸಲ್ಲಿಸತಕ್ಕದ್ದು. ಹುಡುಕುವಾಗ ರಸ್ತೆಗೆ ಹಾನಿಯಾದಲ್ಲಿ ದಂಡವುಂಟು.

5. ಬಾಗಿಲ ಮುಂದೆ ರಂಗೋಲಿ ಹಾಕುವವರು ಇನ್ನು ಮುಂದೆ ಬಗ್ಗುವ ಬದಲು ಕೈ ಮೇಲೆತ್ತಿ ಹಾಕತಕ್ಕದ್ದು.

6. ಈ ರಸ್ತೆಗೆ ಬೇಕಾದ ಜಾಗವನ್ನು ದಿವಂಗತ ರಾಮಯ್ಯನವರು ತಮ್ಮ ರಾಗಿ ಹೊಲದಿಂದ ಬಿಟ್ಟುಕೊಟ್ಟಿದ್ದು, ಅದನ್ನೇ ತಮ್ಮ ಪಾಲಿನ ವಂತಿಗೆಯೆಂದು ಪರಿಗಣಿಸಬೇಕೆಂದು ಅರ್ಜಿದಾರರು ಕೇಳಿರುತ್ತಾರೆ. ದಾನಕ್ಕೆ ರಸೀದಿ ಪಡೆಯದಿರುವುದು ದಾನಿಯ ಲೋಪ. ಇದನ್ನು ತಿಳಿಸಿದಾಗ ಅವರು, "ನಮ್ ಯಜಮಾನ್ರು ಕೊಟ್ಟ ಹೊಲದ್ ಮ್ಯಾಲೇ ರೋಡ್ ಮಾಡಿ, ಆ ರೋಡಿನ್ ನೀರ್ನ ನಮ್ಮನೇಗೇ ನುಗ್ಸ್ತೀರಲ್ಲ, ಹೊಟ್ಟೆ ಉರೀತದೆ ಸಾಮಿ. ನಮ್ ಹೊಲ ನಮಗ್ ಕೊಟ್ಬುಡಿ" ಎಂದು ಕಣ್ಣೀರು ಹಾಕಿರುತ್ತಾರೆ. ಹೊಟ್ಟೆ ಉರಿಯುವುದು ಆರೋಗ್ಯ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಹೊಲದ ಮಟ್ಟಿಗೆ ಹೇಳುವುದಾದರೆ, ಅದು ಆರು ಪದರಗಳ ತಳದಲ್ಲಿ ಯಥಾಸ್ಥಿತಿಯಲ್ಲಿದ್ದು, ಮೇಲಿನ ಡಾಂಬರನ್ನು ಮುಟ್ಟದೆ ಯಾವಾಗ ಬೇಕಾದರೂ ಹಿಂಪಡೆಯಬಹುದಾಗಿದೆ.

7. ಏಳು ದಿನಗಳೊಳಗೆ ವಂತಿಗೆ ಪಾವತಿಯಾದಲ್ಲಿ, ಆ ಹಣದಿಂದ ಏಳನೇ ಪದರ ಹಾಕಲಾಗುವುದು. ಪಾವತಿಯಾಗದಿದ್ದಲ್ಲಿ, ಬೇರೆ ಹಣದಿಂದ ಏಳನೇ ಪದರ ಹಾಕಲಾಗುವುದು.

8. ಏಳನೇ ಪದರದ ನಂತರ ಕಿಟಕಿಯೂ ರಸ್ತೆಯ ಮಟ್ಟಕ್ಕೆ ಬರುವುದರಿಂದ, ಮನೆ ನಂ. 14ನ್ನು ಕೇಬಲ್ಲು, ಕೊಳವೆಗಳೊಂದಿಗೆ ನೆಲದಡಿಯ ಸೌಲಭ್ಯಗಳ ಪಟ್ಟಿಗೆ ಸೇರಿಸಲಾಗುವುದು. ಆ ಬಳಿಕ ಸೊಣ್ಣಮ್ಮನವರು ಹೊರಬರಬೇಕಾದಲ್ಲಿ ರಸ್ತೆ ಅಗೆಯುವ ಅನುಮತಿ ಪಡೆಯತಕ್ಕದ್ದು. ಮಳೆಗಾಲದಲ್ಲಿ ರಸ್ತೆ ಅಗೆಯಲು ಅನುಮತಿ ನೀಡಲಾಗುವುದಿಲ್ಲ.

ಈ ಸುತ್ತೋಲೆಯು ರಸ್ತೆಯ ಮೇಲೆ ನಿಂತು ಓದಿದವರಿಗೆ ಕೂಡಲೇ ಅರ್ಥವಾಗುತ್ತದೆ.

ಸಹಿ/-
ಕಾರ್ಯಪಾಲಕ ಎಂಜಿನಿಯರ್
(ಸ್ಥಳಕ್ಕೆ ಭೇಟಿ ನೀಡಿರುವುದಿಲ್ಲ)

ಪ್ರತಿಗಳು:
1. ಮೇಲಧಿಕಾರಿಗಳಿಗೆ, ಮಾಹಿತಿಗಾಗಿ. ಓದುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.
2. ಗುತ್ತಿಗೆದಾರ ಶ್ರೀ ದುಂಡಪ್ಪ ಇವರಿಗೆ, ಡಾಂಬರು ಕಾಯಿಸಿಡಲು.
3. ಕಚೇರಿ ಕಡತಕ್ಕೆ. ಎತ್ತರದ ಕಪಾಟಿನಲ್ಲಿಡುವುದು.
4. ಶ್ರೀಮತಿ ಸೊಣ್ಣಮ್ಮ, ಮನೆ ನಂ. 14. ಅಂಚೆ ವೆಚ್ಚ ಮಾಡಬೇಕಾಗಿಲ್ಲ. ಮನೆಯ ಮುಂದೆ ರಸ್ತೆಯ ಮೇಲೆ ಇಟ್ಟು ಬಂದರೆ ಸಾಕು, ಸಂಜೆಯ ಮಳೆ ಒಳಗೆ ತಲುಪಿಸುತ್ತದೆ.