ನಿಲ್ಲುವುದರಲ್ಲಿ ನನ್ನ ಕಾರಿಗೆ ಸಾಟಿಯಿಲ್ಲ

ನನ್ನ ಕಾರು ಓಡುವಾಗ ಇದುವರೆಗೆ ಏನೂ ಆಗಿಲ್ಲ. ಆಗಿದ್ದೆಲ್ಲ ಅದು ನಿಲ್ಲುವಾಗಲೇ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಆಗುತ್ತದೆ, ಅದಕ್ಕೇ ಬರೆದಿಡೋಣ ಅಂತ ಕೂತೆ. ಮೊದಲ ಸಲ ಬರೆಯುತ್ತಿದ್ದೇನೆ. ಓದುವವರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಾನಿರುವುದು ತುಮಕೂರಿನ ಮರಳೂರಿನಲ್ಲಿ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಾರು ಸ್ಪೋರ್ಟ್ಸ್ ಸೆಡಾನ್. ಸೆಡಾನ್ ಅಂದರೆ ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡಿರುವ ಕಾರು. ಸ್ಪೋರ್ಟ್ಸ್ ಅಂದರೆ ಮೈ ನೆಲಕ್ಕೆ ಹತ್ತಿರ, ಎಂಜಿನ್ ಜೋರು. ಸೆಕೆಂಡ್ ಹ್ಯಾಂಡ್ ನಿಜ. ಆದರೆ ನಾನು ಕೊಂಡದ್ದು ಅದರ ಜೋರಿಗಲ್ಲ, ಬ್ರೇಕಿಗೆ. ನಾಲ್ಕೂ ಚಕ್ರಕ್ಕೆ ಊಟದ ತಟ್ಟೆಯಷ್ಟು ಅಗಲದ ಡಿಸ್ಕ್ ಇದೆ. ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವಾಗ ಪೆಡಲ್ ಒತ್ತಿದರೂ ಅತ್ತಿತ್ತ ಎಳೆಯುವುದಿಲ್ಲ, ಮೂತಿ ನೆಲಕ್ಕೆ ಊರುವುದಿಲ್ಲ, ಗೆರೆ ಎಳೆದ ಹಾಗೆ ನೇರ ನಿಲ್ಲುತ್ತದೆ. ಆದರೆ ನೋಡಿದವರೆಲ್ಲ ಕೇಳುವುದು ಎಷ್ಟು ಸ್ಪೀಡ್ ಹೋಗುತ್ತೆ ಅಂತ. ಹೇಗೆ ನಿಲ್ಲುತ್ತೆ ಅಂತ ಒಬ್ಬರೂ ಕೇಳುವುದಿಲ್ಲ.

ನನ್ನ ಹೆಂಡತಿಗಂತೂ ಆ ಸ್ಪೀಡ್ ಎಂಬ ಮಾತೇ ಆಗದು. ಅವಳು ಗುಬ್ಬಿಯಲ್ಲಿ ಹೈಸ್ಕೂಲ್ ಟೀಚರ್. ಕಾರು ಮನೆಗೆ ಬಂದ ದಿನವೇ ತೀರ್ಪು ಕೊಟ್ಟಳು: "ನಮ್ಮಮ್ಮ ಒಂದ್ಸಲ ಇದ್ರಲ್ಲಿ ಕೂತು ಪರ್ವಾಗಿಲ್ಲ ಅನ್ಲಿ, ಇಟ್ಕೊಳ್ಳಿ. ಇಲ್ಲಾಂದ್ರೆ ಮಾರ್ಬಿಡಿ."

ಅವಳಮ್ಮ, ಅಂದರೆ ನನ್ನ ಅತ್ತೆ, ಇರುವುದು ಕುಣಿಗಲ್‌ನಲ್ಲಿ. ಬಸ್ಸು ಬಿಟ್ಟು ಬೇರೆ ಯಾವ ಗಾಡಿಯನ್ನೂ ನಂಬಿದವರಲ್ಲ. ಮಣೆ ಮೇಲೆ ಕೂತ ಹಾಗಿರುವ ಕಾರಿಗೆ ತಾವು ಹತ್ತುವುದಿಲ್ಲ ಎಂದು ಫೋನಿನಲ್ಲೇ ಹೇಳಿಬಿಟ್ಟರು. ಕಾರಿನ ಭವಿಷ್ಯ ಹೀಗೆ ತೂಗಾಡುತ್ತಿದ್ದಾಗ ನಡೆದವು ಇವೆಲ್ಲ.

ಹಾರ ಯಾರಿಗೆ

ಗಾಡಿ ಕೊಂಡರೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ. ಎಲ್ಲರಿಗೂ ಗೊತ್ತಿರುವುದೇ, ಆದರೂ ಹೇಳಿದೆ. ಪೂಜೆಗೆ ಬಂದ ಅಯ್ಯನವರು ಬಾನೆಟ್ ಮೇಲೆ ಚೆಂಡುಹೂವಿನ ಹಾರ ಇಟ್ಟರು. ಕಟ್ಟಲಿಲ್ಲ, ಸುಮ್ಮನೆ ಇಟ್ಟರು. ಇದು ಮುಂದೆ ಬೇಕಾಗುತ್ತದೆ.

ಮೆಲ್ಲಗೆ ಮುಂದಕ್ಕೆ ಬಿಡಿ ಎಂದರು. ಬಿಟ್ಟೆ. ನಿಂಬೆಹಣ್ಣು ಪಚಕ್ ಅಂತು. ಅಷ್ಟರಲ್ಲಿ ಅಯ್ಯನವರು ನೆಲದ ಮೇಲೆ ಮರೆತಿದ್ದ ಗಂಟೆ ಎತ್ತಿಕೊಳ್ಳಲು ಕಾರಿನ ಮುಂದೆಯೇ ಬಗ್ಗಿದರು. ನನ್ನ ಹಳೇ ಕಾರಿನ ಬ್ರೇಕನ್ನು ಪೂರ್ತಿ ತುಳಿದರೇ ಅದು ಯೋಚನೆ ಮಾಡಲು ಶುರುಮಾಡುತ್ತಿತ್ತು. ಅದೇ ಅಭ್ಯಾಸದಲ್ಲಿ ಇದನ್ನೂ ತುಳಿದೆ. ಕಾರು ಇದ್ದಲ್ಲೇ ನಿಂತಿತು. ಹಾರ ನಿಲ್ಲಲಿಲ್ಲ. ಬಾನೆಟ್ಟಿನಿಂದ ಜಾರಿ ನೆಟ್ಟಗೆ ಅಯ್ಯನವರ ಕೊರಳಿಗೆ ಬಿತ್ತು.

ನಾನು ಗಾಬರಿಯಿಂದ ಇಳಿದು, ತಪ್ಪು ಬ್ರೇಕಿನದಲ್ಲ, ಅದು ಚೆನ್ನಾಗಿರುವುದರಿಂದಲೇ ಹೀಗಾಯಿತು ಎಂದು ವಿವರಿಸಹೊರಟೆ. ಅಯ್ಯನವರು ಹಾರ ಸರಿಮಾಡಿಕೊಂಡರು.

"ಹಾರ ಹಾಕಿದ್ರಿ, ಸಂತೋಷ. ನಿಂಬೆಹಣ್ಣಿನ ಜಾಗಕ್ಕೆ ಮಾತ್ರ ನನ್ನ ಕರೀಬೇಡಿ ಸ್ವಾಮಿ."

ಹುಳಿಯ ಪ್ರಯಾಣ

ನಮ್ಮ ಕಾರ್ಖಾನೆಯ ಫಿಟ್ಟರ್ ಒಬ್ಬರು ನಿಟ್ಟೂರಿನವರು. ಬೈಕ್ ಕೆಟ್ಟಿತ್ತೆಂದು ಒಂದು ಬೆಳಿಗ್ಗೆ ತುಮಕೂರಿನಿಂದ ನನ್ನ ಕಾರಿನಲ್ಲಿ ಬಂದರು. ತೊಡೆ ಮೇಲೆ ಊಟದ ಕ್ಯಾರಿಯರ್. ಹತ್ತಿದ ಕೂಡಲೇ ಅದೇ ಪ್ರಶ್ನೆ, ಎಷ್ಟು ಹೋಗುತ್ತೆ ಸಾರ್ ಅಂತ. ಹೋಗುವುದು ದೊಡ್ಡದಲ್ಲ, ನಿಲ್ಲುವುದು ದೊಡ್ಡದು ಎಂದೆ. ಅವರು ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ.

ಹೆದ್ದಾರಿ ಖಾಲಿಯಿತ್ತು. ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲವೆಂದು ನೋಡಿದೆ. ಸೀಟ್ ಬೆಲ್ಟ್ ಹಾಕಿಕೊಂಡಿದ್ದೀರಾ ಎಂದು ಕೇಳಿದೆ, ಗಟ್ಟಿಯಾಗಿ ಕೂತುಕೊಳ್ಳಿ ಎಂದೂ ಹೇಳಿದೆ. ಕ್ಯಾರಿಯರ್ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಬ್ರೇಕ್ ಒತ್ತಿದೆ. ಕಾರು ಎಷ್ಟು ಚಂದ ನಿಂತಿತೆಂದರೆ ನನಗೇ ಚಪ್ಪಾಳೆ ತಟ್ಟಬೇಕೆನಿಸಿತು. ಪಕ್ಕಕ್ಕೆ ತಿರುಗಿದರೆ ಕ್ಯಾರಿಯರ್ ಮುಚ್ಚಳ ಇಲ್ಲ, ಮುಂದಿನ ಗಾಜಿನ ಮೇಲೆ ಹುರುಳಿಕಾಯಿ ಜಾರುತ್ತಿದೆ. ಅವರು ಖಾಲಿ ಡಬ್ಬಿಯೊಳಗೆ ಒಮ್ಮೆ ಇಣುಕಿ ನಿಧಾನವಾಗಿ ಹೇಳಿದರು:

"ಗಾಡಿ ನಿಂತ್ಕೊಂಡ್ತು ಸಾರ್, ಒಪ್ಕೊಂಡೆ. ನಮ್ಮೆಂಗುಸ್ರು ಮಾಡಿದ್ ಹುಳಿ ಮಾತ್ರ ನಿಲ್ದೆ ಬೆಂಗ್ಳೂರಿಗೆ ಹೊಂಟೋಯ್ತು."

ಬಿಡದ ಕುಂಕುಮ

ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಒಂದು ಹಿಡಿ ಇರುತ್ತದೆ. ನನ್ನ ಕಾರಿನಲ್ಲಿ ಅದಕ್ಕೆ ಕಡುಗೆಂಪು ಬಣ್ಣ ಬಳಿದಿದೆ. ಚಕ್ರದ ಸಂದಿಯಿಂದ ಅದು ಕಾಣುವುದೇ ಒಂದು ಗತ್ತು.

ಒಂದು ಶನಿವಾರ ಹೆಂಡತಿಯನ್ನು ಕರೆತರಲು ಗುಬ್ಬಿಗೆ ಹೋದವನು, ಅವಳ ಸ್ಕೂಲ್ ಬಿಡುವವರೆಗೆ ಕಾರನ್ನು ವಾಟರ್ ಸರ್ವೀಸಿಗೆ ಬಿಟ್ಟೆ. ನೀರು ಹೊಡೆದು ಗಾಡಿ ತೊಳೆಯುವ ಜಾಗ. ಇಬ್ಬರೂ ವಾಪಸ್ ಹೋದಾಗ ಅಂಗಡಿಯ ಯಜಮಾನರೇ ಕುಕ್ಕರುಗಾಲಲ್ಲಿ ಕೂತು, ಬ್ರಷ್ ಹಿಡಿದು ಚಕ್ರದೊಳಗೆ ಉಜ್ಜುತ್ತಿದ್ದರು. ಮೈಯೆಲ್ಲ ಬೆವರು. ಪೂಜೆ ಮಾಡಿಸಿದ ಗಾಡಿ ಅಂತ ಗೊತ್ತಾಯಿತು, ಸೋಪು ಹಾಕಿದೆ, ಸೀಮೆಎಣ್ಣೆ ಹಾಕಿದೆ, ನಾಲ್ಕು ಚಕ್ರದ ಕುಂಕುಮವೂ ಬಿಡುತ್ತಿಲ್ಲ ಎಂದು ನೊಂದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿಯ ಕಡೆ ತಿರುಗಿದರು.

"ಇದು ಯಾವ್ ಅಂಗಡಿ ಕುಂಕುಮ ಮೇಡಂ? ನಮ್ಮನೇಲಿ ತರೋದು ಒಂದ್ ಬೆವರಿಗೇ ಅಳಿಸೋಗುತ್ತೆ."

ಅತ್ತೆಯ ಹಿಮ್ಮಡಿ

ಕೊನೆಗೂ ಅತ್ತೆ ಕಾರು ಹತ್ತುವ ದಿನ ಬಂತು. ಅವರು ಕುಣಿಗಲ್‌ನಲ್ಲಿ ಬಹಳ ಕಾಲದಿಂದ ಬಟ್ಟೆ ಹೊಲಿಯುತ್ತಾರೆ. ತುಮಕೂರಿನ ಮದುವೆ ಮನೆಯೊಂದಕ್ಕೆ ಹೊಲಿದ ರವಿಕೆಗಳ ದೊಡ್ಡ ಗಂಟಿತ್ತು, ಬಸ್ಸುಗಳೆಲ್ಲ ತುಂಬಿ ಬರುತ್ತಿದ್ದವು. ವಿಧಿಯಿಲ್ಲದೆ ಒಪ್ಪಿದರು. ಅವರು ಮುಂದೆ ಕೂತರು. ಹೆಂಡತಿ, ಗಂಟು ಹಿಂದೆ.

ಇಲ್ಲಿ ಹೊಲಿಗೆ ಮಿಷನ್ ಬಗ್ಗೆ ಒಂದು ಮಾತು. ಅತ್ತೆಯದು ಕಾಲಿನಲ್ಲಿ ತುಳಿಯುವ ಮಿಷನ್. ನಿಲ್ಲಿಸಬೇಕೆಂದರೆ ಹಿಮ್ಮಡಿ ಒತ್ತಿ ಹಿಡಿಯುತ್ತಾರೆ. ಕಾರು ಹೊರಟಿದ್ದೇ ತಡ, ಅತ್ತೆ ಚಪ್ಪಲಿ ಬಿಟ್ಟು ಬಲಗಾಲನ್ನು ಮುಂದಿನ ಮ್ಯಾಟ್ ಮೇಲೆ ಊರಿದರು. ಹಂಪ್ ಬಂದರೆ ನಾನು ಬ್ರೇಕ್ ಒತ್ತುತ್ತಿದ್ದೆ, ಅವರು ಹಿಮ್ಮಡಿ ಒತ್ತುತ್ತಿದ್ದರು. ಕಾರು ನಿಧಾನವಾಗುತ್ತಿತ್ತು. ಅವರು ಕಾಲು ಸಡಿಲ ಬಿಡುತ್ತಿದ್ದರು. ನಾನೂ ಬಿಡುತ್ತಿದ್ದೆ. ಹೀಗೆ ಇಬ್ಬರೂ ಸೇರಿ ಊರು ದಾಟಿದೆವು.

ಮುಂದೆ ನೇರ ರಸ್ತೆ. ಕಾರು ವೇಗ ಹಿಡಿದಿತ್ತು. ಎಡಗಡೆಯ ಹೊಲದ ದಾರಿಯಿಂದ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು, ಅತ್ತಿತ್ತ ನೋಡದೆ, ರಸ್ತೆಗೆ ಅಡ್ಡ ಬಂದುಬಿಟ್ಟಿತು.

ತುಳಿದೆ. ಪೆಡಲ್ ಕಾಲ ಕೆಳಗೆ ಗಡಗಡ ನಡುಗಿತು. ಅದು ಕೆಟ್ಟಿದ್ದಲ್ಲ, ಚಕ್ರ ಜಾರದಂತೆ ಬ್ರೇಕ್ ಹಿಡಿದು ಬಿಟ್ಟು ಮಾಡುವ ರೀತಿ. ಕಾರು ಒಂದಿಷ್ಟೂ ವಾಲದೆ ನಿಂತಿತು. ಟ್ರ್ಯಾಕ್ಟರಿಗೂ ನಮಗೂ ನಡುವೆ ಎಷ್ಟು ಜಾಗ ಉಳಿದಿತ್ತೆಂದರೆ, ಅದರ ಡ್ರೈವರ್ ಇಳಿದು ಬಿದ್ದ ಟವೆಲ್ ಎತ್ತಿಕೊಂಡು ಆರಾಮಾಗಿ ಮತ್ತೆ ಹತ್ತತೊಡಗಿದ.

ನನಗೆ ಎದೆ ಉಬ್ಬಿತ್ತು. ಈ ಬ್ರೇಕಿನ ಬೆಲೆ ಇವತ್ತಾದರೂ ಗೊತ್ತಾಯಿತಲ್ಲ ಎಂದು ಮಾತಿಗಾಗಿ ಕಾದೆ. ಅತ್ತೆ ಕಿಟಕಿ ಇಳಿಸಿ ಆ ಡ್ರೈವರನಿಗೆ ಕೂಗಿದರು.

"ಏನ್ಲಾ, ಕಣ್ಣು ಮನೇಲಿಟ್ಟು ಬಂದಿದೀಯಾ? ನಾನ್ ಒತ್ತಿದ್ದಕ್ಕೆ ಬದುಕ್ದೆ, ಹೋಗು."

ಆಮೇಲೆ ನನ್ನ ಕಡೆ ತಿರುಗಿ, ಅಳಿಯಂದಿರು ಗಾಬರಿಯಾಗಬಾರದು, ತಮ್ಮ ಕಡೆಯದು ಇನ್ನೂ ಗಟ್ಟಿಯಾಗಿದೆ ಎಂದು ಸಮಾಧಾನ ಹೇಳಿದರು. ಅವರ ಕಡೆ ಬ್ರೇಕೇ ಇಲ್ಲ, ಅಲ್ಲಿರುವುದು ಬರೀ ಮ್ಯಾಟ್ ಎಂದು ವಿವರಿಸಲು ನಾನು ಬಾಯಿ ತೆರೆದೆ. ಹಿಂದಿನಿಂದ ಹೆಂಡತಿ ನನ್ನ ಭುಜವನ್ನು ಜೋರಾಗಿ ಚಿವುಟಿದಳು. ಅತ್ತೆಯ ತೀರ್ಪು ಅವಳಿಗೆ ಬಂತು:

"ಮಾರ್ಬೇಡ ಕಣೇ. ಎರಡೂ ಕಡೆ ಬ್ರೇಕ್ ಇರೋ ಗಾಡಿ ಎಲ್ ಸಿಗುತ್ತೆ?"

ಕಾರು ಉಳಿಯಿತು. ಈಗ ಅತ್ತೆ ಬಸ್ಸು ಬಿಟ್ಟಿದ್ದಾರೆ. ತುಮಕೂರಿರಲಿ, ಗುಬ್ಬಿಯಿರಲಿ, ಮುಂದಿನ ಸೀಟು ಅವರದೇ. ಮ್ಯಾಟಿನಲ್ಲಿ ಹಿಮ್ಮಡಿ ಊರುವ ಕಡೆ ಒಂದು ತೂತೂ ಬಿದ್ದಿದೆ. ಹೋದ ತಿಂಗಳು ಅವರನ್ನೂ ಕೂರಿಸಿಕೊಂಡೇ ಕಾರನ್ನು ಸರ್ವೀಸಿಗೆ ಒಯ್ದೆ. ಮೆಕ್ಯಾನಿಕ್ ಬಂದು, ಬ್ರೇಕ್ ಹೇಗಿದೆ ಸಾರ್ ಎಂದು ಕೇಳಿದ. ನನ್ನ ಜೀವನದಲ್ಲಿ ಆ ಪ್ರಶ್ನೆಯನ್ನು ಒಬ್ಬರು ಕೇಳಿದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡು ಶುರುಮಾಡಬೇಕು, ಅಷ್ಟರಲ್ಲಿ ಅತ್ತೆ ಉತ್ತರ ಕೊಟ್ಟಾಗಿತ್ತು:

"ಅವ್ರ ಕಡೇದು ಚೆನ್ನಾಗೈತೆ ಕಣಪ್ಪ. ನನ್ ಕಡೇದು ಒಂಚೂರು ಸವೆದೈತೆ, ಬಿಗಿ ಮಾಡ್ಕೊಡು."